ಕಾರಾಪುರದ ಬಂಗಲೆ, ನಮ್ಮೂರ ಕುರುಚಲು ಕಾಡು

ನಾನು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆಯವನು. ಬಂದರೆ, ಕಾರೆ, ಜಾಲಿ ಹಬ್ಬಿದ ಗುಡ್ಡಗಳನ್ನೇ ಕಾಡು ಅಂತ ಕರೆದು ಬೆಳೆದವನು. ಮೈಸೂರಿನಿಂದ ಹೆಗ್ಗಡದೇವನಕೋಟೆ ದಾಟಿ ಕಾರಾಪುರದ ಮಹಾರಾಜರ ಬೇಟೆ ಬಂಗಲೆಗೆ ಹೋದಾಗ ಕಬಿನಿಯ ಹಿನ್ನೀರು ನೋಡಿ ದಂಗಾದೆ. ರಾಜರ ಕಾಲದಲ್ಲಿ ಇಲ್ಲಿ ಇಷ್ಟು ನೀರಿರಲಿಲ್ಲ, ಹೊಳೆಯಷ್ಟೇ ಇತ್ತು. ಜಲಾಶಯ ಬಂದದ್ದು 1974ರಲ್ಲಿ.

ಆ ಹೊಳೆಯಲ್ಲೇ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಜೇನುಕುರುಬರು, ಬೆಟ್ಟಕುರುಬರು ತಮಟೆ, ಕೂಗು, ಬೆಂಕಿಯಿಂದ ಕಾಡಾನೆ ಹಿಂಡನ್ನು ಅಟ್ಟಿ, ಹೊಳೆಗಿಳಿಸಿ, ದಿಮ್ಮಿಗಳ ದೊಡ್ಡಿಗೆ ನೂಕುತ್ತಿದ್ದರು. ಮೈಸೂರು ಸೀಮೆಯಲ್ಲಿ ಈ ಪದ್ಧತಿಯನ್ನು 1873-74ರಲ್ಲಿ ಚಾಮರಾಜನಗರದ ಬಳಿ ಗೆಲ್ಲಿಸಿ ತೋರಿಸಿದವನು ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್. 1922ರಲ್ಲಿ ವೇಲ್ಸ್ ರಾಜಕುಮಾರ ಎಡ್ವರ್ಡ್ ಕಾರಾಪುರಕ್ಕೆ ಬಂದ. ಇಲ್ಲಿಯ ಕಾಕನಕೋಟೆ ಕಾಡಿನ ಕೊನೆಯ ಖೆಡ್ಡಾ 1971ರದು. ಈಗ ಬಂಗಲೆಯ ಆವರಣ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಪ್ರವಾಸಿ ಧಾಮ.

ಜಗುಲಿಯಲ್ಲಿ ಕೂತಾಗ ನನ್ನ ತಲೆಯಲ್ಲಿ ನಮ್ಮೂರ ಗುಡ್ಡಗಳೇ ಓಡುತ್ತಿದ್ದವು. ರಾಜರ ಬೇಟೆಗೆಂದು ಕಾದಿಟ್ಟ ಕಾಡುಗಳು ಬಂಡೀಪುರ, ನಾಗರಹೊಳೆಗಳಾಗಿ ಉಳಿದವು. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿತು. ಇತ್ತ ನಮ್ಮ ಚಿತ್ರದುರ್ಗವನ್ನಾಳಿದ ನಾಯಕರು ಬೇಡರ ಕುಲದವರು, ಬೇಟೆಯೇ ಅವರ ಮೂಲ. ಆದರೂ ಅವರ ನಾಡಿನ ಕುರುಚಲು ಕಾಡು ಬಹುಕಾಲ ಪಾಳುಭೂಮಿ ಅನ್ನಿಸಿಕೊಂಡಿತು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ವನ್ಯಧಾಮವಾಗಲು 2015 ಬರಬೇಕಾಯಿತು. ನಮ್ಮ ಗಡಿಯಾಚೆ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರಗಳಿಗೆ 2019ರಲ್ಲಿ ರಕ್ಷಣೆ ಸಿಕ್ಕಿತು. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಗಳಿಗೆ ಮಾತ್ರ ತುಸು ಮೊದಲು, 2011ರಲ್ಲಿ. ಎತ್ತರದ ಮರವಿಲ್ಲದ ಕಾಡನ್ನು ಕಾಡೆಂದು ಒಪ್ಪಲು ನಮಗೆ ಇಷ್ಟು ವರ್ಷ ಯಾಕೆ ಬೇಕಾಯಿತು? ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಊರಿಗೆ ಮರಳಿದ ಮೇಲೆ ಜೋಗಿಮಟ್ಟಿ ಹತ್ತಿದೆ. ಚಿತ್ರದುರ್ಗದಿಂದ ಆಡುಮಲ್ಲೇಶ್ವರದ ಕಡೆಯ ದಾರಿ. ಒಂದು ತಿರುವಿನಲ್ಲಿ ಕರಡಿಯ ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿ ನೋಡಿದರೆ ಬಾರೆಹಣ್ಣಿನ ಬೀಜ, ನಡುವೆ ಗೆದ್ದಲಿನ ತಲೆಗಳು, ಮಣ್ಣು. ಹಣ್ಣು ತಿಂದ ಕರಡಿ ಮೈಲುಗಟ್ಟಲೆ ನಡೆದು ಬೀಜ ಬಿತ್ತುತ್ತದೆ. ಈ ಒಣನೆಲದಲ್ಲಿ ಬಾರೆ ಗಿಡ ಹಬ್ಬುವುದು ಹೀಗೂ ಉಂಟು. ಮೇಲೆ ನಿಂತರೆ ಸುತ್ತಲಿನ ಸಾಲುಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು. ಅವಕ್ಕಾಗಿ ಕೊರೆದ ರಸ್ತೆಗಳೂ ಕಾಣುತ್ತವೆ. ವನ್ಯಧಾಮದ ಗೆರೆಯ ಹೊರಗಿರುವ ಗುಡ್ಡಗಳಲ್ಲೂ ಕರಡಿಗಳಿವೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅವು ರಾತ್ರಿ ತೋಟಗಳಿಗೆ ಇಳಿಯುತ್ತವೆ. ಆ ಗುಡ್ಡಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳುವವರು ಇಲ್ಲಿಯ ಜನವೇ ಆಗಬೇಕು. ನಾನಂತೂ ಕೇಳುತ್ತೇನೆ.