ದಿಂಬಿನ ಆಸರೆಯಲ್ಲಿ 15 ನಿಮಿಷ

ಬೆಳಗ್ಗಿನಿಂದ ನಿಂತೇ ಇದ್ದೀರಿ. ಅಡುಗೆ, ಬಟ್ಟೆ, ಮಕ್ಕಳ ಟಿಫಿನ್. ಮಧ್ಯಾಹ್ನ ತುಸು ಅಡ್ಡಾದರೂ ಸೊಂಟ ಸಡಿಲವಾಗುವುದಿಲ್ಲ. ಆ ಕಡೆ ಈ ಕಡೆ ಹೊರಳಿ, ಮಲಗುವುದೇ ಬೇಡವೆಂದು ಎದ್ದುಬಿಡುತ್ತೀರಿ, ಅಲ್ಲವೇ?

ಮಲಗಿದ ಮಾತ್ರಕ್ಕೆ ವಿಶ್ರಾಂತಿ ಸಿಗುವುದಿಲ್ಲ. ಮೈಯ ಯಾವ ಭಾಗಕ್ಕೆ ಆಸರೆಯಿಲ್ಲವೋ ಅದನ್ನು ಹಿಡಿದಿಡಲು ಸ್ನಾಯುಗಳು ದುಡಿಯುತ್ತಲೇ ಇರುತ್ತವೆ. ಸುಪ್ತ ಬದ್ಧ ಕೋನಾಸನ ಇದಕ್ಕೆ ಒಳ್ಳೆಯದು. ಹೆಸರಿಗೆ ಹೆದರಬೇಡಿ. ಅಂಗಾಲುಗಳನ್ನು ಒಂದಕ್ಕೊಂದು ತಾಗಿಸಿ, ಮಂಡಿಗಳನ್ನು ಎರಡೂ ಬದಿಗೆ ಬಿಟ್ಟು ಹಿಂದಕ್ಕೆ ಒರಗುವುದು, ಅಷ್ಟೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕಾಯಿಲೆಗಳಿಂದ ಬಳಲಿದವರು. ದಿಂಬು, ಕಂಬಳಿ, ಪಟ್ಟಿಗಳ ಆಸರೆ ಕೊಟ್ಟು ಇಂಥ ಆಸನಗಳನ್ನು ವಯಸ್ಸಾದವರಿಗೂ ಸುಲಭಗೊಳಿಸಿದರು.

ಅಂಗಡಿಯಿಂದ ಏನೂ ತರಬೇಕಿಲ್ಲ. ಚಾಪೆಯ ಮೇಲೆ ಎರಡು ಕಂಬಳಿಗಳನ್ನು ಬೆನ್ನಿನಷ್ಟು ಅಗಲಕ್ಕೆ ಮಡಚಿ ಉದ್ದಕ್ಕೆ ಇಡಿ. ಅದರ ಮೇಲಲ್ಲ, ಅದರ ಅಂಚಿಗೆ ಸೊಂಟ ತಾಗುವಂತೆ ನೆಲದಲ್ಲಿ ಕುಳಿತು, ಕೈಯೂರಿ ನಿಧಾನವಾಗಿ ಒರಗಿ. ತಲೆಯ ಕೆಳಗೆ ಇನ್ನೊಂದು ಮಡಿಕೆ ಬೇಕು. ಹಣೆ ಗಲ್ಲಕ್ಕಿಂತ ತುಸು ಎತ್ತರದಲ್ಲಿದ್ದರೆ ಕುತ್ತಿಗೆಗೆ ಹಿತ. ಸೊಂಟ ನೋಯುತ್ತಿದೆಯೇ? ಬೆನ್ನಿನ ಆಸರೆಯ ಎತ್ತರ ಬದಲಿಸಿ ನೋಡಿ.

ಹೆಚ್ಚಿನವರು ಮರೆಯುವುದು ಮಂಡಿಗಳನ್ನು. ಅವು ಗಾಳಿಯಲ್ಲಿ ತೂಗುತ್ತಿದ್ದರೆ ತೊಡೆಸಂದು ಸೆಳೆಯತೊಡಗುತ್ತದೆ, ಎರಡೇ ನಿಮಿಷದಲ್ಲಿ ಸಾಕೆನಿಸುತ್ತದೆ. ಎರಡೂ ತೊಡೆಗಳ ಕೆಳಗೆ ಒಂದೊಂದು ದಿಂಬು ತುರುಕಿ, ಭಾರವೆಲ್ಲ ಅದರ ಮೇಲೆ ಬೀಳಲಿ. ಮಂಡಿ ನೆಲ ಮುಟ್ಟಲೇಬೇಕೆಂಬ ಹಟ ಬೇಡ. ಪಾದ ಜಾರುತ್ತಿದ್ದರೆ ಗೋಡೆಗೆ ತಾಗಿಸಿಡಿ. ಕೈಗಳ ಕೆಳಗೂ ಮಡಚಿದ ಟವೆಲ್ ಇಟ್ಟರೆ ಭುಜ ಸಡಿಲವಾಗುತ್ತದೆ. ಮೊದಲ ದಿನ 5 ನಿಮಿಷ ಸಾಕು. ಆಮೇಲೆ 15ರವರೆಗೆ ಹೋಗಬಹುದು.

ಗರ್ಭಿಣಿಯರು ಒಂದು ಮಾತು ಗಮನಿಸಿ. ಐದು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿದರೆ ಗರ್ಭದ ಭಾರ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳವನ್ನು ಒತ್ತಿ, ತಲೆ ಸುತ್ತಬಹುದು. ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ, ಎಡಮಗ್ಗುಲೇ ಕ್ಷೇಮ. ಮಂಡಿಯ ಶಸ್ತ್ರಚಿಕಿತ್ಸೆಯಾದವರೂ, ಹೆರಿಗೆಯ ನಂತರ ಸೊಂಟದ ಮೂಳೆಗಳಲ್ಲಿ ನೋವಿರುವವರೂ ಕೇಳಿಯೇ ಮಾಡಬೇಕು.

ದಿಂಬು, ಕಂಬಳಿ ಎಲ್ಲರ ಮನೆಯಲ್ಲೂ ಇವೆ. ಸಿಗದಿರುವುದು ಆ 15 ನಿಮಿಷ. ಕುಕ್ಕರ್ ಒಲೆಯ ಮೇಲಿದ್ದಾಗ ಮಲಗಬೇಡಿ, ಕಿವಿ ಅಲ್ಲೇ ಇರುತ್ತದೆ. ಮನೆಯವರಿಗೆ ಮೊದಲೇ ಹೇಳಿ ಬಾಗಿಲು ಮುಚ್ಚಿ. ಮಕ್ಕಳು ಕರೆದರೂ ದಡಬಡಿಸಿ ಏಳಬೇಡಿ. ಕೈಗಳಿಂದ ಮಂಡಿಗಳನ್ನು ಒಟ್ಟಿಗೆ ತಂದು, ಬಲಕ್ಕೆ ಹೊರಳಿ, ಕ್ಷಣ ಹೊತ್ತು ಹಾಗೆಯೇ ಇದ್ದು, ಕೈಯೂರಿ ಏಳಿ.