ಕನ್ನಂಬಾಡಿ ಕಟ್ಟೆಯ ನೀರು ನೋಡಿ ನಡೆಯುವ ಬ್ಯಾಂಕು

ತೊಂಬತ್ತು ದಿನ! ಸಾಲದ ಕಂತೋ ಬಡ್ಡಿಯೋ ಅಷ್ಟು ದಿನ ದಾಟಿ ಬಾಕಿ ಉಳಿದರೆ ಆ ಖಾತೆ ಎನ್‌ಪಿಎ, ಅಂದರೆ ಅನುತ್ಪಾದಕ ಆಸ್ತಿ. ಬಿ.ಕಾಂ. ಓದುವ ಯಾರನ್ನೇ ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಇದನ್ನೇ ಉರು ಹೊಡೆದುಕೊಂಡು ಬೇಸಿಗೆ ರಜೆಯಲ್ಲಿ ಮದ್ದೂರಿನ ಬ್ಯಾಂಕ್ ಶಾಖೆಯೊಂದಕ್ಕೆ ಇಂಟರ್ನ್‌ಶಿಪ್‌ಗೆ ಹೋದೆ. ಬೆಳೆ ಸಾಲದ ಕಡತ ಬಿಡಿಸಿದರೆ ಅಲ್ಲಿ ಬೇರೆಯದೇ ಕಾಲ ಓಡುತ್ತಿದೆ! ಅಲ್ಪಾವಧಿ ಬೆಳೆಯ ಸಾಲ ಎನ್‌ಪಿಎ ಆಗಬೇಕಾದರೆ ಬಾಕಿ ಎರಡು ಹಂಗಾಮು ದಾಟಬೇಕು. ವರ್ಷಕ್ಕೂ ಮೀರಿ ಹೊಲದಲ್ಲಿ ನಿಲ್ಲುವ ಬೆಳೆಯಾದರೆ ಒಂದು ಹಂಗಾಮು. ಮುಂಬೈಯಲ್ಲಿ ಕೂತ ರಿಸರ್ವ್ ಬ್ಯಾಂಕು ಕ್ಯಾಲೆಂಡರ್ ಪಕ್ಕಕ್ಕಿಟ್ಟು ನಮ್ಮ ಗದ್ದೆಯ ಪೈರು ನೋಡುತ್ತದೆ ಅಂದರೆ ನಂಬುತ್ತೀರಾ?

ಆಮೇಲೆ ಕಂಡದ್ದೆಲ್ಲ ಅಚ್ಚರಿಯೇ. ಬೆಳಗ್ಗೆ ಶಾಖೆಯ ಬಾಗಿಲು ತೆಗೆದ ಕೂಡಲೇ ಸಿಬ್ಬಂದಿಯ ಮಾತು ಷೇರುಪೇಟೆಯದಲ್ಲ, ಕನ್ನಂಬಾಡಿ ಕಟ್ಟೆಯದು, ಅಂದರೆ ಕೆಆರ್‌ಎಸ್‌ನದು. 124.80 ಅಡಿ ತುಂಬುವ ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟಿದೆ? ವಿ.ಸಿ. ನಾಲೆಗೆ ಯಾವಾಗ ಬಿಡ್ತಾರೆ? ಮಳವಳ್ಳಿ ಕಡೆಯ ಕೊನೆ ಭಾಗಕ್ಕೆ ನೀರು ತಲುಪುತ್ತಾ? ನೀರು ಬಂದರೆ ನಾಟಿ, ನಾಟಿಯಾದರೆ ಬೆಳೆ, ಬೆಳೆ ಬಂದರೆ ಸಾಲ ವಾಪಸು. ಆ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮೈಸೂರು ಬ್ಯಾಂಕ್ ಹುಟ್ಟಿದ್ದು 1913ರಲ್ಲಿ. ಎರಡರ ಹಿಂದೆಯೂ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯನವರೇ! ನೀರಿಗೊಂದು ಕಟ್ಟೆ, ದುಡ್ಡಿಗೊಂದು ಕಟ್ಟೆ. 2017ರಲ್ಲಿ ಆ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು.

ಪಹಣಿಯನ್ನು ನಾನು ಮನೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅದರ 11ನೇ ಕಾಲಂ ಓದಿದ್ದು ಇಲ್ಲೇ. ಇತರೆ ಹಕ್ಕುಗಳು ಮತ್ತು ಋಣಗಳು. ಜಮೀನಿನ ಮೇಲೆ ಯಾವ ಬ್ಯಾಂಕಿನ ಸಾಲ ಎಷ್ಟಿದೆ ಎಂಬುದೆಲ್ಲ ಅಲ್ಲಿದೆ. ಮೊದಲು ಈ ಋಣ ನಮೂದಿಸಲು ರೈತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕಿತ್ತಂತೆ. ಈಗ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಎಫ್‌ಐಡಿ ಸಂಖ್ಯೆ ಹೊಡೆದರೆ ಸರ್ವೆ ನಂಬರುಗಳು ಸಾಲಾಗಿ ಬರುತ್ತವೆ. ಋಣದ ನಮೂದು ಶಾಖೆಯ ಟೇಬಲ್ಲಿನಿಂದಲೇ ಹೊರಡುತ್ತದೆ.

ಒಬ್ಬ ಅಜ್ಜ ವಾಯಿದೆಗೆ ವಾರ ಮುಂಚೆಯೇ ಸಾಲ ಕಟ್ಟಲು ಬಂದಿದ್ದರು. "ಇನ್ನೂ ಟೈಮ್ ಇದ್ಯಲ್ಲ ತಾತ" ಅಂದೆ. "ಐತೆ ಅಂತ ಕುಂತ್ರೆ ನಾಕಿದ್ದದ್ದು ಏಳಾಯ್ತದೆ ಕಣವ್ವ" ಅಂದರು. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ 7 ಬಡ್ಡಿ, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 3 ರಿಯಾಯಿತಿ. ಲಕ್ಷಕ್ಕೆ ವರ್ಷಕ್ಕೆ ಮೂರು ಸಾವಿರ ಉಳಿತಾಯ. ಬಡ್ಡಿ ಸಹಾಯಧನದ ಇಡೀ ಅಧ್ಯಾಯವನ್ನು ಆತ ಒಂದೇ ಉಸಿರಲ್ಲಿ ಮುಗಿಸಿದರು!

ಚಿನ್ನದ ಸಾಲದ ಟೇಬಲ್ ಬಿಟ್ಟು ಏಳಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಪರೀಕ್ಷಕರು ಓಲೆಯನ್ನು ಕಪ್ಪು ಒರೆಗಲ್ಲಿನ ಮೇಲೆ ಮೆಲ್ಲಗೆ ಎಳೆಯುತ್ತಾರೆ, ಹೊಂಬಣ್ಣದ ಗೆರೆ ಮೂಡುತ್ತದೆ, ಅದರ ಮೇಲೆ ಆಮ್ಲದ ಒಂದು ತೊಟ್ಟು. ಗೆರೆ ಉಳಿಯಿತೋ ಮಾಸಿತೋ ಎಂದು ದಿಟ್ಟಿಸುತ್ತಾರೆ. ಆಮೇಲೆ ತೂಕ, ಅದರಲ್ಲಿ ಹರಳಿನ ತೂಕ ಕಳೆದು ಲೆಕ್ಕ. ಈ ಓಲೆಗಳು ಬರುವುದು ಬಿತ್ತನೆ ಹೊತ್ತಿಗೆ, ಮನೆಗೆ ಮರಳುವುದು ಕಬ್ಬಿನ ದುಡ್ಡು ಬಂದ ಮೇಲೆ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು ಎನ್ನುವ 1966ರ ಆದೇಶ ಎಷ್ಟು ಕಿವಿಗಳಿಗೆ ಸಂಬಂಧಿಸಿದ್ದು ಎಂದು ಆಗಲೇ ಹೊಳೆದದ್ದು.

ಫೀಲ್ಡ್ ಆಫೀಸರ್ ಜೊತೆ ಮಳವಳ್ಳಿ ಕಡೆ ಹೋದರೆ ಅಲ್ಲಿ ಮತ್ತೊಂದು ಲೋಕ, ರೇಷ್ಮೆಯದು. ಹುಳು ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಹಣ್ಣಾಗಲು ಸುಮಾರು 25 ದಿನ ಸಾಕು. ಅಧಿಕಾರಿ ಕಾಗದಕ್ಕಿಂತ ಮೊದಲು ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ನೋಡಿದರು, ಹಿಪ್ಪುನೇರಳೆ ಎಲೆಯ ಹಸಿರು ನೋಡಿದರು. ಸಾಲಗಾರನ ಯೋಗ್ಯತೆ ಅಳೆಯುವುದು ಹೀಗೂ ಉಂಟು! ಇನ್ನು ಎಕರೆಗೆ ಯಾವ ಬೆಳೆಗೆ ಎಷ್ಟು ಸಾಲ ಎಂಬ ಲೆಕ್ಕ ಕೂಡುವುದು ಮಂಡ್ಯದಲ್ಲಿ, ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿಯಲ್ಲಿ.

ಕಾಮರ್ಸ್ ಓದುತ್ತಿರುವ ಗೆಳೆಯ ಗೆಳತಿಯರೇ, ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಅರ್ಜಿ ಹಾಕುವ ಮೊದಲು ನಿಮ್ಮ ತಾಲ್ಲೂಕಿನ ಶಾಖೆಯ ಮ್ಯಾನೇಜರನ್ನು ಒಮ್ಮೆ ಹೋಗಿ ಕೇಳಿ. ಅವಕಾಶ ಕೊಟ್ಟರೆ ಬೆಳೆ ಸಾಲದ ಟೇಬಲ್ಲಿಗೇ ಹಾಕಿ ಅಂತ ಹೇಳಿ.