ಕೆರೆ ದೋಣಿಗೆ ಬಿಲ್ಜ್ ಪಂಪ್: ಒಂದು ರಾತ್ರಿಯ ಮಳೆಗೆ ದೋಣಿ ಮುಳುಗದಿರಲಿ

ನಮ್ಮ ಕೈವಾರ, ಚಿಂತಾಮಣಿ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ದೋಣಿ ಅಂದ್ರೆ ನಮಗೆ ದೂರದ ಮಾತು. ಆದರೆ ಎಚ್‌ಎನ್ ವ್ಯಾಲಿ ನೀರು ಜಿಲ್ಲೆಯ ಕೆರೆಗಳಿಗೆ ಬಂದು, 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಬಿದ್ದ ಮೇಲೆ ಮೀನು ಸಾಕಣೆಯ ಮಾತು ಹೆಚ್ಚಾಗಿದೆ. ತೆಪ್ಪದ ಬದಲು ಸಣ್ಣ ಅಲ್ಯೂಮಿನಿಯಂ ದೋಣಿ ತರುವ ಯೋಚನೆ ನಿಮಗಿದ್ದರೆ ಇದನ್ನು ಓದಿ.

12 ಅಡಿ ಉದ್ದ, 4 ಅಡಿ ಅಗಲದ ದೋಣಿಯನ್ನು ದಡದಲ್ಲಿ ಕಟ್ಟಿ ಮನೆಗೆ ಬಂದಿರಿ ಅನ್ನಿ. ರಾತ್ರಿ 50 ಮಿ.ಮೀ. ಮಳೆ ಬಿದ್ದರೆ ಅದರೊಳಗೆ ಸುಮಾರು 200 ಲೀಟರ್ ನೀರು, ಅಂದರೆ ಮೂರು ಜನರ ಭಾರ. ಆ ನೀರು ಸುಮ್ಮನಿರಲ್ಲ. ನೀವು ಕಾಲಿಟ್ಟ ಕಡೆಗೇ ಹರಿದು ದೋಣಿಯನ್ನು ವಾಲಿಸುತ್ತದೆ. ಹೂಳು ತೆಗೆದ ಗುಂಡಿಗಳಿರುವ ಕೆರೆಯಲ್ಲಿ ಇದು ಜೀವಕ್ಕೇ ಅಪಾಯ. ದೋಣಿಯ ತಳದಲ್ಲಿ ನಿಂತ ನೀರನ್ನು ತಾನಾಗಿಯೇ ಹೊರಹಾಕುವ 12 ವೋಲ್ಟ್‌ನ ಪುಟ್ಟ ಮೋಟರೇ ಬಿಲ್ಜ್ ಪಂಪ್.

ಎಷ್ಟು ದೊಡ್ಡದು?
ಗಂಟೆಗೆ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ಪಂಪು ಸಾಕು. ನೀರು ಮೇಲೇರಬೇಕಾದ್ದರಿಂದ ಅದರಲ್ಲಿ ಮೂರರಲ್ಲಿ ಎರಡು ಪಾಲು ಸಿಕ್ಕರೂ 200 ಲೀಟರ್ ಹತ್ತು ನಿಮಿಷದಲ್ಲಿ ಖಾಲಿ. ಇಷ್ಟಕ್ಕೆ ಸ್ಪ್ರೇಯರ್‌ನಲ್ಲಿರುವ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿಯೇ ಧಾರಾಳ.

ಕೂರಿಸುವುದು
ಮೊದಲು ಕಟ್ಟಿದ ದೋಣಿಗೆ ಎರಡು ಬಕೆಟ್ ನೀರು ಸುರಿಯಿರಿ. ನೀರು ಎಲ್ಲಿ ನಿಲ್ಲುತ್ತದೋ ಅದೇ ಪಂಪಿನ ಜಾಗ. ತಳಕ್ಕೆ ತೂತು ಕೊರೆಯುವುದು ಬೇಡವೇ ಬೇಡ. ದಪ್ಪ ಪ್ಲಾಸ್ಟಿಕ್ ಹಲಗೆಯ ತುಂಡನ್ನು ಎಪಾಕ್ಸಿಯಿಂದ ಅಂಟಿಸಿ, ಪಂಪನ್ನು ಅದಕ್ಕೆ ಸ್ಕ್ರೂ ಮಾಡಿ.

ಪೈಪು ಒಳಗೆ ನುಣುಪಾಗಿದ್ದು, ಎಲ್ಲೂ ತಗ್ಗಿಲ್ಲದೆ ಮೇಲಕ್ಕೇ ಏರಲಿ. ಹೊರಬಾಯಿ ಅಂಚಿನ ಹತ್ತಿರ, ಪೂರ್ತಿ ಭಾರ ಹೇರಿದಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಕೆರೆ ನೀರು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಬೋರ್‌ವೆಲ್ ಅಭ್ಯಾಸದಲ್ಲಿ ಎನ್‌ಆರ್‌ವಿ ಹಾಕಲು ಹೋಗಬೇಡಿ. ಅದನ್ನು ತಳ್ಳಿ ತೆರೆಯುವ ಒತ್ತಡ ಈ ಪಂಪಿಗೆ ಸಾಲದೆ ಹೋಗಬಹುದು.

ವೈರಿಂಗ್
ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್, ಆಮೇಲೆ ಫ್ಲೋಟ್ ಸ್ವಿಚ್, ಆಮೇಲೆ ಪಂಪು. ಮಧ್ಯೆ ಮೇನ್ ಸ್ವಿಚ್ ಇಟ್ಟು ಅದನ್ನು ಆಫ್ ಮಾಡಿ ಮನೆಗೆ ಹೋದರೆ ರಾತ್ರಿ ಮಳೆಗೆ ಪಂಪಿದ್ದೂ ಇಲ್ಲದಂತೆ. ಜೋಡಣೆಗಳೆಲ್ಲ ನೀರು ತಾಗದಷ್ಟು ಎತ್ತರದಲ್ಲಿರಲಿ. ಮೈನಸ್ ತಂತಿಯನ್ನು ಟ್ರ್ಯಾಕ್ಟರಿನಂತೆ ಬಾಡಿಗೆ ಕೊಡಬೇಡಿ, ನೇರ ಬ್ಯಾಟರಿಗೇ ಒಯ್ಯಿರಿ. ಲೋಹದ ಮೈಗೆ ಕರೆಂಟ್ ಸೋರಿದರೆ ನೀರಿನಲ್ಲಿ ಅಲ್ಯೂಮಿನಿಯಂ ಬೇಗ ಸವೆಯುತ್ತದೆ.

ತಾಮ್ರ ಹತ್ತಿರ ಸುಳಿಯದಿರಲಿ
ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ದ್ರಾಕ್ಷಿ ಬೆಳೆಗಾರರಿಗೆಲ್ಲ ಗೊತ್ತು. ತಾಮ್ರ ಆ ಲೋಹವನ್ನು ತಿನ್ನುತ್ತದೆ. ಅಲ್ಯೂಮಿನಿಯಂಗೂ ಇದೇ ಗತಿ. ಆದ್ದರಿಂದ ಹಿತ್ತಾಳೆ ನಿಪ್ಪಲ್ ಬದಲು ಪ್ಲಾಸ್ಟಿಕ್ ಹಾಕಿ. ವೈರ್ ಕತ್ತರಿಸಿದ ಚೂರುಗಳನ್ನು ಆಗಲೇ ಗುಡಿಸಿ. ಮೈಲುತುತ್ತದ ಬಕೆಟ್ಟನ್ನು ದೋಣಿಗೆ ಹತ್ತಿಸಬೇಡಿ.

ನೆನಪಿರಲಿ
ಈ ಪಂಪು ಮಳೆ ನೀರಿಗೆ, ಸಣ್ಣ ಸೋರಿಕೆಗೆ ಮಾತ್ರ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದಿಂಚು ತೂತಾದರೆ ಗಂಟೆಗೆ 2,500 ಲೀಟರ್‌ಗೂ ಹೆಚ್ಚು ನೀರು ನುಗ್ಗುತ್ತದೆ. ಪಂಪು ಸೋಲುತ್ತದೆ. ಒಂದು ಬಕೆಟ್, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಬೇಕೇ ಬೇಕು.

ವಾರಕ್ಕೊಮ್ಮೆ ಜಾಲರಿಗೆ ಸಿಕ್ಕ ಪಾಚಿ, ಬಲೆಯ ಎಳೆ ತೆಗೆದು, ಫ್ಲೋಟನ್ನು ಕೈಯಲ್ಲಿ ಎತ್ತಿ ನೋಡಿ. ಮೋಟರ್ ಸದ್ದು ಕೇಳಿಸಬೇಕು, ಬಿಟ್ಟಾಗ ನಿಲ್ಲಬೇಕು. ಫ್ಲೋಟ್ ಮೇಲೇ ಸಿಕ್ಕಿಕೊಂಡರೆ ಕೆಲವೇ ಗಂಟೆಯಲ್ಲಿ ಬ್ಯಾಟರಿ ಖಾಲಿಯಾಗಿ, ಮಳೆ ಬಂದಾಗ ಪಂಪು ತಿರುಗುವುದೇ ಇಲ್ಲ.